ನಾನು ತೆಳ್ಳಗಾದ ಗುಟ್ಟು

ಈ ಸಲ ತೆಳ್ಳಗಾಗಿಯೇ ತೀರುತ್ತೇನೆ ಎಂದು ನಾನು ಘೋಷಿಸಿದಾಗ ನಮ್ಮವರು ಪೇಪರಿನಿಂದ ತಲೆ ಎತ್ತಲಿಲ್ಲ. ಮಗಳು ಮಾನ್ಯಾಗೆ ಮೂರು ತುಂಬಿದರೂ ಬಾಣಂತನದ ತುಪ್ಪ ನನ್ನ ಸೊಂಟ ಬಿಟ್ಟು ಕದಲಿರಲಿಲ್ಲ.

"ಕನ್ನಡ ಸಂಘದ ದೀಪಾವಳಿ ಹೊತ್ತಿಗೆ ನೋಡ್ತಿರಿ" ಎಂದೆ.

"ನೋಡ್ತಾನೇ ಇದೀನಲ್ಲ" ಎಂದು ಪುಟ ತಿರುಗಿಸಿದರು.

ಮರುದಿನವೇ ಸಿಂಗಪುರದ ಟೋವಾ ಪಾಯೋದಲ್ಲಿರುವ ನಮ್ಮ ಬ್ಲಾಕಿನ ಬುಡದ ಖಾಲಿ ಜಾಗ, ಅಂದರೆ ವಾಯ್ಡ್ ಡೆಕ್ಕಿನಲ್ಲಿ ನಡಿಗೆ ಶುರುವಾಯಿತು. ಅದೇ ವಾರ ಮೈಸೂರಿಂದ ಬಂದ ಅನಂತರಾಮ್ ಅಂಕಲ್, ಅಮ್ಮ ಕಳಿಸಿದ ಗಂಟು ತಂದುಕೊಟ್ಟರು. ಹುಳಿಪುಡಿ, ಚಕ್ಕುಲಿ, ಜೊತೆಗೊಂದು ಪ್ಲಾಸ್ಟಿಕ್ ಬಾಟಲಿ. ಅದರ ಮೇಲೆ ಕ್ಯಾಲ್ಸಿಯಂ ಎಂಬ ಲೇಬಲ್ಲು, ದಿನಕ್ಕೆರಡು ಮಾತ್ರೆ ಎಂಬ ಅಪ್ಪಣೆ.

ಅಮ್ಮನ ಐಎಸ್‌ಡಿ ಕರೆಯೆಂದರೆ ಹೊರಟ ರೈಲಿನ ಕಿಟಕಿಯಿಂದ ಕೂಗಿದ ಹಾಗೆ. "ಮಾತ್ರೆ ಕಳ್ಸಿದೀನಿ, ಬಿಡದೆ ತಗೋ, ಮಗುಗೆ ಎಣ್ಣೆ ಹಚ್ಚು, ಇಡ್ತೀನಿ." ದೂರದಲ್ಲಿದ್ದೂ ನನ್ನ ಮೂಳೆಗಳ ಚಿಂತೆ ಮಾಡುತ್ತಾಳಲ್ಲ ಎಂದು ಕಣ್ಣು ಒದ್ದೆಯಾಯಿತು. ನನಗೆ ಥೈರಾಯ್ಡ್ ಕಡಿಮೆ. ಅದಕ್ಕೆಂದು ಇಲ್ಲಿಯ ಕ್ಲಿನಿಕ್ಕಿನಲ್ಲಿ ಕೊಟ್ಟ ಮಾತ್ರೆಯನ್ನು ದಿನಾ ಬೆಳಿಗ್ಗೆ ನುಂಗುತ್ತಿದ್ದೆ. ಈಗ ಅಮ್ಮನ ಕ್ಯಾಲ್ಸಿಯಮ್ಮೂ ಸೇರಿತು.

ನೋಡನೋಡುತ್ತ ನಾನು ಕರಗತೊಡಗಿದೆ. ಹಸಿವು ಹೆಚ್ಚಾಗಿ ಚಕ್ಕುಲಿ ಡಬ್ಬಿ ಬರಿದಾದರೂ ತೂಕ ಇಳಿಯಿತು! ಇದಲ್ಲವೇ ಸಾಧನೆ? ಫ್ಯಾನಿನ ರೆಕ್ಕೆ ಒರೆಸಿದೆ, ಒರೆಸುವ ಬಟ್ಟೆಗೂ ಇಸ್ತ್ರಿ ಹಾಕಿದೆ. ಸೆಖೆಯೋ ಸೆಖೆ, ಏಸಿಯನ್ನು ತಳಕ್ಕಿಳಿಸಿದೆ. ಟುವಾಸ್‌ನ ಫ್ಯಾಕ್ಟರಿಯಿಂದ ಬೆವೆತು ಬರುವ ನಮ್ಮವರು ಮನೆಗೆ ಬಂದೊಡನೆ ಸ್ವೆಟರ್ ಏರಿಸತೊಡಗಿದರು.

"ಸಿಂಗಪುರದಲ್ಲಿ ಸ್ವೆಟರ್ ಹಾಕ್ಕೊಂಡು ಊಟ ಮಾಡೋನು ನಾನೊಬ್ಬನೇ ಕಣೆ."

"ಚಳಿ ಆದ್ರೆ ಆಚೆ ಕಾರಿಡಾರಲ್ಲಿ ತಿನ್ನಿ" ಎಂದು ಸಿಡುಕಿದೆ. ಸಿಡುಕು ಕೂಡ ಆಗ ಧಾರಾಳವಾಗಿತ್ತು.

ಗುಟ್ಟು ತಿಳಿಯಲೆಂದೇ ಸೆಂಬವಾಂಗಿನಿಂದ ಗೆಳತಿ ಪ್ರಿಯಂವದಾ ಬಂದರು. "ಹೇಗ್ರೀ ಅನಘಾ ಇದು?"

"ಮನಸ್ಸು ಮಾಡ್ಬೇಕು ರೀ, ಅಷ್ಟೇ. ಎರಡು ಹೊತ್ತೂ ಅನ್ನ ಬಿಡಿ."

ದೀಕ್ಷೆ ಪಡೆದವರಂತೆ ತಲೆಯಾಡಿಸಿದರು. ನಾನು ಕಾಫಿ ಕೊಟ್ಟಾಗ ಅರ್ಧ ಕಾಫಿ ಸಾಸರಿಗೆ ಇಳಿದಿತ್ತು. "ಕೈ ಯಾಕೆ ನಡುಗ್ತಿದೆ?"

"ಕೊಬ್ಬು ಕರಗೋವಾಗ ಹಾಗಾಗತ್ತೆ" ಎಂಬ ಸ್ವಂತ ಸಿದ್ಧಾಂತ ಮಂಡಿಸಿದೆ. ಅವರು ಅದನ್ನೂ ನಂಬಿದರು.

ಒಂದು ಭಾನುವಾರ ಮಧ್ಯಾಹ್ನ ಮಾನ್ಯಾ ನನ್ನ ಎದೆಯ ಮೇಲೆ ತಲೆಯಿಟ್ಟು ಮಲಗಿದ್ದವಳು ತಟ್ಟನೆ ಎದ್ದು ಕೂತಳು. "ಅಪ್ಪಾ, ಅಮ್ಮನ ಒಳಗೆ ಎಂಆರ್‌ಟಿ ಟ್ರೇನು ಓಡ್ತಿದೆ ಲಾ" ಎಂದಳು, ಇಲ್ಲಿಯ ಮಕ್ಕಳ ರಾಗದಲ್ಲಿ.

ನಮ್ಮವರು ನಕ್ಕು ಬಂದು ನನ್ನ ನಾಡಿ ಹಿಡಿದರು. ಹಿಡಿದವರು ನಗು ನಿಲ್ಲಿಸಿದರು. "ಎಷ್ಟು ದಿನದಿಂದ ಹೀಗಿದೆ?" ಎಂದು ಕೇಳಿದ ದನಿಯಲ್ಲಿ ತಮಾಷೆಯಿರಲಿಲ್ಲ. ಮೆಟ್ಟಿಲು ಹತ್ತುವಾಗ ಎದೆ ಡವಗುಟ್ಟಿ, ಮಗಳನ್ನು ಎತ್ತಿಕೊಳ್ಳಲು ನನಗೇ ಭಯವಾಗುತ್ತಿದ್ದುದನ್ನು ಆಗ ಒಪ್ಪಿಕೊಂಡೆ.

ಮರುದಿನ ಕ್ಲಿನಿಕ್ಕಿನಲ್ಲಿ ರಕ್ತ ಕೊಟ್ಟೆ. ರಿಪೋರ್ಟು ನೋಡಿ ಡಾಕ್ಟರಮ್ಮ ಹುಬ್ಬೇರಿಸಿದರು. "ನಿಮ್ಮ ಮೈಯಲ್ಲಿ ಥೈರಾಯ್ಡ್ ವಿಪರೀತ ಆಗಿದೆ. ಸೆಖೆ, ನಡುಕ, ಎದೆಬಡಿತ, ಸಿಡಿಮಿಡಿ, ತಿಂದರೂ ತೂಕ ಇಳಿಯೋದು, ಎಲ್ಲ ಅದರದ್ದೇ. ಬೇರೆ ಏನು ತಗೊಳ್ತೀರಿ?"

"ಬರೀ ಕ್ಯಾಲ್ಸಿಯಂ" ಎಂದು ಬಾಟಲಿ ತೆಗೆದೆ.

ಅವರು ಒಂದು ಮಾತ್ರೆಯನ್ನು ಅಂಗೈಗೆ ಸುರಿದುಕೊಂಡರು. "ಕ್ಯಾಲ್ಸಿಯಂ ಇಷ್ಟು ಪುಟಾಣಿ ಇರಲ್ಲ. ಮನೆಗೆ ಫೋನ್ ಮಾಡಿ ಕೇಳಿ. ಇದನ್ನಂತೂ ಮುಟ್ಟಬೇಡಿ. ನಮ್ಮ ಮಾತ್ರೆಯನ್ನೂ ನಾನು ಹೇಳೋ ತನಕ ನಿಲ್ಲಿಸಿ."

ಅಮ್ಮನಿಗೆ ನಾನೇ ಫೋನ್ ಮಾಡಿದೆ.

"ಅದು ನಿನ್ನ ಥೈರಾಯ್ಡ್ ಮಾತ್ರೆ ಕಣೆ. ಅಲ್ಲಿ ಒಳ್ಳೇದು ಸಿಗತ್ತೋ ಇಲ್ವೋ ಅಂತ ಕಳ್ಸಿದೆ. ಗಾಜಿನ ಬಾಟಲಿ ಸೂಟ್‌ಕೇಸಲ್ಲಿ ಒಡೆದುಹೋಗಲ್ವಾ? ಖಾಲಿ ಬಾಟಲಿಗೆ ಸುರಿದೆ."

"ಲೇಬಲ್ಲು ಕೀಳಬಾರದಾಗಿತ್ತಾ ಅಮ್ಮ?"

"ನಮ್ಮನೇಲಿ ಬೆಳೆದವಳು ಲೇಬಲ್ಲು ಓದ್ತೀಯಾ? ಬಿಸ್ಕತ್ ಡಬ್ಬಿಲಿ ಮೆಂತ್ಯ, ಕಾಫಿ ಡಬ್ಬಿಲಿ ರವೆ. ಒಂದು ದಿನ ಆದ್ರೂ ಮೋಸ ಹೋಗಿದೀಯಾ?" ಎಂದವಳು, ಮರುಕ್ಷಣವೇ, "ಈಗ ಹೇಗಿದೀಯ ಮಗಳೇ?" ಎಂದಳು. ಅವತ್ತು ಇಬ್ಬರಿಗೂ ಫೋನ್ ಇಡುವ ಅವಸರವಿರಲಿಲ್ಲ.

ಕೆಲವು ವಾರಗಳಲ್ಲಿ ಎದೆಬಡಿತ ತಣ್ಣಗಾಯಿತು. ಮತ್ತೆ ರಕ್ತಪರೀಕ್ಷೆ ಮಾಡಿ ಡಾಕ್ಟರು ಹಳೆಯ ಡೋಸನ್ನೇ ಶುರು ಮಾಡಿಸಿದರು. ನಮ್ಮವರು ಸ್ವೆಟರ್ ಕಳಚಿದರು. ಮಾನ್ಯಾ ಕಿವಿಯಿಟ್ಟು ಕೇಳಿ, ಟ್ರೇನು ಸ್ಟೇಷನ್ನಿನಲ್ಲಿ ನಿಂತಿದೆ ಎಂದಳು. ಕಳೆದ ಕಿಲೋಗಳೂ ತವರಿಗೆ ಬಂದಂತೆ ಒಂದೊಂದಾಗಿ ಬಂದು ನೆಲೆಸಿದವು.

ಉಳಿದದ್ದು ಪ್ರಿಯಂವದಾಗೆ ನಿಜ ಹೇಳುವ ಕೆಲಸ. ಊಟದ ಹೊತ್ತಿಗೆ ಕರೆದು ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ಅಂದ್ರೆ ಮನಸ್ಸು ಮಾಡಿದ್ದು?"

"ಅದೂ ಇತ್ತು, ಸ್ವಲ್ಪ."

"ಅಲ್ರೀ, ನಿಮ್ಮ ಮಾತು ಕೇಳಿ ನಾನು ಎರಡು ತಿಂಗಳಿಂದ ಅನ್ನ ಮುಟ್ಟಿಲ್ಲ. ನಮ್ಮತ್ತೆ ಮಾಡಿದ ಪುಳಿಯೋಗರೆನೂ ವಾಪಸ್ ಕಳಿಸಿದೀನಿ." ಅವರು ಎದ್ದು ತಾವೇ ತಟ್ಟೆ ತಂದು ಮೇಜಿನ ಮೇಲಿಟ್ಟು ಕುರ್ಚಿ ಎಳೆದು ಕೂತರು. "ಅಷ್ಟನ್ನೂ ಇವತ್ತೇ ತಿಂದು ಹೋಗ್ತೀನಿ. ಬಡಿಸಿ."

ಬಡಿಸಿದೆ. ಆಮೇಲೆ ತೆಪ್ಪಗೆ ಒಳಗೆ ಹೋಗಿ ಎರಡನೇ ಕುಕ್ಕರ್ ಇಟ್ಟೆ.