ಈಬತ್ತಿ ಮೀನಿನ ಚಳಿಗಾಲ

ಕಡಲ ತೀರದಲ್ಲಿ ಹುಟ್ಟಿದವಳು ದಾವಣಗೆರೆಯಲ್ಲಿ, ಮೊಟ್ಟೆಯನ್ನೂ ಮುಟ್ಟದವರ ಓಣಿಯಲ್ಲಿ ಕೂತು ಮೀನು ಸಾಕಿದರೆ ಏನಾದರೊಂದು ಆಗುತ್ತಲೇ ಇರುತ್ತದೆ. ಚಳಿಗಾಲದಲ್ಲಂತೂ ಒಂದರ ಬೆನ್ನಿಗೆ ಒಂದು.

ನಳದ ನೀರಿಗೆ ದಿನಗಟ್ಟಲೆ ಕಾಯುತ್ತಿದ್ದ ಕಾಲದಲ್ಲಿ ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆ ಮುಂದೆ ದೊಡ್ಡದೊಂದು ಸಿಮೆಂಟ್ ತೊಟ್ಟಿ ಕಟ್ಟಿಸಿದ್ದೆವು. ಈಗ ಅದಕ್ಕೆ ಕೆಲಸವಿಲ್ಲ. ತಾವರೆ ನೆಟ್ಟು ಬಣ್ಣದ ಮೀನು ಬಿಟ್ಟೆ. ಹೋದ ವರ್ಷದ ಚಳಿಯಲ್ಲಿ ನೀರು ಕೆಟ್ಟು ಎಲ್ಲವೂ ಹೋದವು. ಎದುರು ಮನೆಯ ಅಕ್ಕ ಬಂದು ಖಾಲಿ ತೊಟ್ಟಿಯನ್ನು ಬಗ್ಗಿ ನೋಡಿದರು. ನನಗಿಂತ ಹಿರಿಯರು, ಲಿಂಗಪೂಜೆ ಆಗದೆ ಕಾಫಿಯನ್ನೂ ಮುಟ್ಟದವರು. ಮೆಲ್ಲಗೆ ಕೇಳಿದರು:

“ಸತ್ವೋ, ಸಾರಾದ್ವೋ?”

ಸತ್ತವು ಎಂದೆ. ಅವರು ನಂಬಲಿಲ್ಲ. ಹಾಗಾಗಿ ಈ ಸಲದ ಮೀನುಗಳು ಚಳಿಗಾಲ ದಾಟಲೇಬೇಕಿತ್ತು. ಅವುಗಳ ಜೀವದ ಜೊತೆಗೆ ಓಣಿಯಲ್ಲಿ ನನ್ನ ಮಾನವೂ ಅದೇ ತೊಟ್ಟಿಯಲ್ಲಿತ್ತು.

ಹಣೆಯ ಗುರುತು

ಹೊಸ ಮೀನುಗಳಲ್ಲಿ ಒಂದು ಅಚ್ಚ ಕೆಂಪು, ಹಣೆಯ ಮೇಲೆ ಅಡ್ಡಲಾಗಿ ಬಿಳಿ ಪಟ್ಟೆ. ಅಕ್ಕ ಅದನ್ನು ನೋಡಿದ್ದೇ ಕೈ ಮುಗಿದರು.

“ಅಯ್ಯ ಶಿವನೇ, ಈಬತ್ತಿ ಹಚ್ಕೊಂಡೈತಲ್ಲೇ! ಇದು ನಮ್ಮ ಪೈಕಿ.”

ವಿಭೂತಿಗೆ ಇಲ್ಲಿಯವರು ಈಬತ್ತಿ ಎನ್ನುತ್ತಾರೆ. ಮೀನಿಗೆ ಅದೇ ಹೆಸರಾಯಿತು.

“ಉಳಿದವು?” ಎಂದೆ.

“ಅವು ನಿಮ್ಮ ಕಡೇವು. ಆದ್ರೆ ಇವನಿಗೇನಾದ್ರೂ ಆದ್ರೆ ನಾನು ಸುಮ್ನಿರಲ್ಲ, ನೋಡು ಮತ್ತೆ.”

ಅಂದಿನಿಂದ ದಿನಾ ಬೆಳಿಗ್ಗೆ ತಮ್ಮ ಪೈಕಿಯವನನ್ನು ವಿಚಾರಿಸಿಕೊಂಡು ಹೋಗುತ್ತಿದ್ದರು. ನನ್ನನ್ನು ವಿಚಾರಿಸುವುದು ಆಮೇಲೆ.

ಒಂದು ಬಕೆಟ್ ಬಿಸಿನೀರು

ಚಳಿ ಶುರುವಾಯಿತು. ಒಂದು ಬೆಳಿಗ್ಗೆ ಅಕ್ಕ ಶಾಲು ಹೊದ್ದು, ಹೊಗೆಯಾಡುವ ಬಕೆಟ್ ಹಿಡಿದು ಬಂದರು. ನಾನು ಓಡಿಹೋಗಿ ಬಕೆಟ್ಟಿನ ಹಿಡಿಕೆ ಹಿಡಿದೆ.

“ಬ್ಯಾಡಕ್ಕ! ನೀರು ತಣ್ಣಗಿದ್ರೆ ಅವು ತಡ್ಕೊಂತಾವೆ. ಒಮ್ಮೆಲೇ ಬದಲಾದ್ರೆ ತಡ್ಕೊಳ್ಳಲ್ಲ.”

ಹೇಳುತ್ತಿದ್ದಂತೆ ನನ್ನದೇ ನೆನಪಾಯಿತು. ಮದುವೆಯಾಗಿ ಈ ಊರಿಗೆ ಬಂದಾಗ ಒಣ ಗಾಳಿ, ಜೋಳದ ರೊಟ್ಟಿ, ಮಾತು ಎಲ್ಲವೂ ಒಂದೇ ದಿನ ಬದಲಾಗಿದ್ದವು. ಒಗ್ಗಲು ವರ್ಷಗಳೇ ಬೇಕಾದವು.

“ಬಿಸಿನೀರು ಹಾಕಿದ್ರೆ ಬೆಂದೇ ಹೋಗ್ತಾವಕ್ಕ,” ಎಂದೆ.

ಅಕ್ಕ ತಟ್ಟನೆ ಬಕೆಟ್ ಹಿಂದಕ್ಕೆಳೆದುಕೊಂಡರು. “ಎಷ್ಟು ಬಿಸಿಗೆ ಬೇಯ್ತಾವೆ ಅಂತ ನಿನಗೆ ಸರಿಯಾಗಿ ಗೊತ್ತೈತಿ!”

ಸೋಮವಾರ

ಚಳಿಯಲ್ಲಿ ಮೀನಿಗೆ ಹಸಿವು ಕಡಿಮೆ. ಹೆಚ್ಚು ಹಾಕಿದರೆ ಉಳಿದದ್ದು ಕೊಳೆತು ನೀರು ಕೆಡುತ್ತದೆ. ಇದನ್ನು ಎಷ್ಟು ಹೇಳಿದರೂ ಅಕ್ಕ ದಿನಾ ಒಂದು ಹಿಡಿ ಮಂಡಕ್ಕಿ ಎರಚುತ್ತಿದ್ದರು. “ಬಾಯಿ ತೆರೆದೋರಿಗೆ ಇಲ್ಲ ಅಂತ ಹೆಂಗನ್ನೋದು?”

ಕಾರ್ತಿಕ ಮಾಸ. ನನಗೊಂದು ಉಪಾಯ ಹೊಳೆಯಿತು.

“ಅಕ್ಕಾ, ಇವತ್ತು ಸೋಮವಾರ. ಈಬತ್ತಿ ಉಪವಾಸ.”

ಅವರ ಕಣ್ಣು ತುಂಬಿ ಬಂತು. ಹಿಡಿ ಮಂಡಕ್ಕಿ ಸೆರಗಿಗೆ ವಾಪಸು ಹೋಯಿತು. ಇನ್ನು ಸೋಮವಾರದ ಹಾಗೆ ಮಂಗಳವಾರಕ್ಕೂ ಏನಾದರೂ ಹುಡುಕಬೇಕು ಎಂದು ಖುಷಿಯಲ್ಲಿದ್ದೆ. ದೀಪ ಹಚ್ಚುವ ಹೊತ್ತಿಗೆ ಹೊರಗೆ ಸದ್ದಾಯಿತು. ಬಂದು ನೋಡಿದರೆ ಅಕ್ಕ ಖಾಲಿ ತಟ್ಟೆ ಹಿಡಿದು ನಿಂತಿದ್ದರು. ನೀರಿನ ಮೇಲೆ ಒಗ್ಗರಣೆ ಅವಲಕ್ಕಿ, ಬಾಳೆಹಣ್ಣಿನ ಚೂರು, ಕರಿಬೇವು ತೇಲುತ್ತಿದ್ದವು.

“ದಿನವೆಲ್ಲ ಉಪವಾಸ ಇದ್ದೋನಿಗೆ ಬರೇ ಮಂಡಕ್ಕಿ ಹಾಕಾಕ್ಕಾಗುತ್ತಾ?”

ಹರಿಹರದಿಂದ ಬಂದ ನೀರು

ಸಿಕ್ಕಿದ್ದನ್ನೆಲ್ಲ ಜರಡಿಯಲ್ಲಿ ತೆಗೆದೆ. ಆದರೂ ಬೆಳಗಾಗುವಷ್ಟರಲ್ಲಿ ನೀರು ಕದಡಿ ವಾಸನೆ ಬರುತ್ತಿತ್ತು. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಸ್ವಲ್ಪ ನೀರು ತೆಗೆದು ಸ್ವಲ್ಪ ಹೊಸದು ಹಾಕಬೇಕು. ನಳದ ನೀರಿಗೆ ಬ್ಲೀಚಿಂಗ್ ಪೌಡರ್ ವಾಸನೆ, ಒಂದು ದಿನವಾದರೂ ತೆರೆದಿಡದೆ ಹಾಕುವಂತಿಲ್ಲ.

ಅಕ್ಕನಿಗೂ ಗಾಬರಿ. ಹರಿಹರದಲ್ಲಿರುವ ಅಳಿಯನಿಗೆ ಫೋನ್ ಮಾಡಿದರು. ಆತ ತುಂಗಭದ್ರೆಯ ನೀರನ್ನು ಕ್ಯಾನುಗಳಲ್ಲಿ ತುಂಬಿ, ಆಟೋದಲ್ಲಿ ತಂದಿಳಿಸಿದ. ನಾನು ಕ್ಯಾನಿಗೆ ಕೈ ಹಾಕಿದೆ. ಅಕ್ಕ ತಡೆದರು.

“ಹೊಳೆ ಮನೆಗೆ ಬಂದೈತಿ. ಆರತಿ ಮಾಡದೆ ಸುರೀತಾರೇನೇ?”

“ಅಕ್ಕಾ, ಅಲ್ನೋಡ್ರಿ, ಉಸಿರು ಸಾಲದೆ ಬಾಯಿ ಬಿಡ್ತಿದಾವೆ!”

“ಬಾಯಿ ಬಿಡ್ತಿಲ್ಲ ತಂಗಿ, ಶಿವಶಿವ ಅಂತಿದಾವೆ.”

ಆರತಿಯಾಯಿತು. ಗಾಳಿ ಬೆರೆಯಲೆಂದು ಚೊಂಬಿನಲ್ಲಿ ಎತ್ತರದಿಂದ ನಿಧಾನವಾಗಿ ಸುರಿದೆ. ಸಂಜೆಗೆ ಮೀನುಗಳು ಬಾಯಿ ಮುಚ್ಚಿ ಕೆಳಗಿಳಿದವು.

“ಜಪ ಮುಗೀತು,” ಎಂದರು ಅಕ್ಕ.

ಪಾತ್ರೆಯ ಮುಚ್ಚಳ

ಪುಷ್ಯದ ಕೊರೆಯುವ ಚಳಿಗೆ ಮೀನುಗಳು ತಳ ಸೇರಿ ತಾವರೆ ಎಲೆಯಡಿ ಅಡಗಿದ್ದವು. ಅದೇ ಬೆಳಿಗ್ಗೆ ನಾನು ಒಲೆಯ ಮೇಲೆ ತೆಂಗಿನಕಾಯಿ, ಹುಣಸೆ, ಕೊತ್ತಂಬರಿ ಹಾಕಿದ ನಮ್ಮೂರ ಮಸಾಲೆ ಕುದಿಸುತ್ತಿದ್ದೆ. ತೊಟ್ಟಿಯಲ್ಲಿ ಈಬತ್ತಿ ಕಾಣಲಿಲ್ಲ, ಕಿಟಕಿಯಿಂದ ಘಮ ಬರುತ್ತಿತ್ತು. ಅಕ್ಕ ನೆಟ್ಟಗೆ ಅಡುಗೆಮನೆಗೆ ಬಂದು ಮುಚ್ಚಳ ಎತ್ತಿದರು. ಬದನೆಕಾಯಿ. ಸಾಲದೆಂದು ಸೌಟಿನಿಂದ ತಳದವರೆಗೂ ಕೆದಕಿದರು.

ಬಿಸಿಲೇರಿದ ಮೇಲೆ ಈಬತ್ತಿ ಮೇಲೆ ಬಂದ. ಅಕ್ಕ ನಾಚಿಕೊಂಡು ಒಂದು ಬಟ್ಟಲು ಸಾರು ಮನೆಗೊಯ್ದರು. ಮಧ್ಯಾಹ್ನ ಬಟ್ಟಲು ಹಿಂತಿರುಗಿಸುತ್ತಾ ಹೇಳಿದರು:

“ಭಾಳ ಚಲೋ ಆಗೈತಿ. ಆದ್ರೆ ಏನೋ ಒಂದು ಕಮ್ಮಿ ಐತಿ ನೋಡು.”

ಏನು ಕಮ್ಮಿ ಎಂದು ನನಗೆ ಗೊತ್ತಿತ್ತು. ಬಟ್ಟಲು ತೊಳೆದಿಟ್ಟೆ.

ಊರಿಗೆ ಹೋಗಿ ಬಂದದ್ದು

ಮಾಘದಲ್ಲಿ ತವರಿನಲ್ಲೊಂದು ಮದುವೆ. ತೊಟ್ಟಿಯನ್ನು ಅಕ್ಕನಿಗೇ ಒಪ್ಪಿಸಬೇಕಾಯಿತು. ಬಿಸಿಲು ಬಂದ ಮೇಲೆ ಒಂದು ಚಿಟಿಕೆ ಆಹಾರ, ಅಷ್ಟೇ, ಎಂದು ಹೇಳಿ ಹೊರಟೆ. ಮಂಟಪದಲ್ಲಿ ಕೂತರೂ ಕಣ್ಣ ಮುಂದೆ ತೇಲುವ ಅವಲಕ್ಕಿಯೇ.

ತಿರುಗಿ ಬಂದು ಗೇಟಿನಿಂದಲೇ ಇಣುಕಿದೆ. ತಳದ ಬೆಣಚುಕಲ್ಲು ಕಾಣುವಷ್ಟು ತಿಳಿ ನೀರು. ಎಲ್ಲ ಮೀನುಗಳೂ ಇದ್ದವು. ನಮ್ಮ ಕಡೆಯವೂ.

“ನೀನು ಹೇಳಿದಂಗೇ ಮಾಡೀನಿ. ಮಂಡಕ್ಕಿ ಡಬ್ಬಿ ಮುಟ್ಟಿಲ್ಲ,” ಎಂದ ಅಕ್ಕ ನನ್ನ ಕೈ ಹಿಡಿದು ತೊಟ್ಟಿಯಿಂದ ದೂರ ಎಳೆದುಕೊಂಡು ಹೋದರು. “ಖರೇ ಹೇಳು. ಊರಾಗೆ ಮೀನು ತಿಂದ್ಯಾ?”

ಇಷ್ಟು ವರ್ಷಗಳ ಮೇಲೆ ಅವರ ಮುಂದೆ ಸುಳ್ಳು ಬರಲಿಲ್ಲ. “ತಿಂದೆ ಅಕ್ಕ,” ಎಂದೆ.

ಅಕ್ಕ ಗಾಬರಿಯಿಂದ ತೊಟ್ಟಿಯ ಕಡೆ ನೋಡಿ ನನ್ನ ಬಾಯಿಗೆ ಕೈ ಅಡ್ಡ ಹಿಡಿದರು.

“ಮೆಲ್ಲಗನ್ನೇ! ಮದುವ್ಯಾಗೆ ಬರೇ ಅನ್ನ ಸಾರು ಉಂಡು ಬರ್ತಾಳೆ ಅಂತ ಅವನಿಗೆ ನಾನು ಮಾತು ಕೊಟ್ಟೀನಿ.”