ಕಾಲು ಮೈಲಿ ಆಚೆ ಕೆಟ್ಟ ಕ್ಯಾರವಾನ್

ನಿಶ್ಚಿಂತ ಪಯಣ ವಿಮಾ ಸಂಸ್ಥೆಯ ಒಡಂಬಡಿಕೆಯ ಹನ್ನೊಂದನೇ ಕಲಮಿನ ಪ್ರಕಾರ, ಹಿಂದಿನ ಹನ್ನೆರಡು ತಿಂಗಳಲ್ಲಿ ಸರ್ವೀಸ್ ಆಗದ ಕ್ಯಾರವಾನ್ ರಸ್ತೆಯಲ್ಲಿ ಕೆಡುವುದಿಲ್ಲ. ಕೆಟ್ಟಂತೆ ಕಂಡುಬಂದಲ್ಲಿ, ಅದು ಮಾಲೀಕನ ಇಚ್ಛೆಯಂತೆ ನಿಂತಿದೆ ಎಂದು ಭಾವಿಸತಕ್ಕದ್ದು.

ಅದರಂತೆ ಮೇ ತಿಂಗಳ ಕೊನೆಯ ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗೆ, ಮಾರ್ಪೆತ್ ಊರು ದಾಟಿ ಉತ್ತರಕ್ಕೆ ಹೋಗುವ ಹೆದ್ದಾರಿಯ ಪಕ್ಕದ ತಂಗುಜಾಗದಲ್ಲಿ, ಮ್ಯಾಟಿ ಡಾಡ್ಸ್‌ನ ಕ್ಯಾರವಾನ್, ಕಾರಿನ ಹಿಂದೆ ಎಳೆದೊಯ್ಯುವ ಆ ಮನೆಗಾಡಿ, ಅವನ ಇಚ್ಛೆಯಂತೆ ನಿಂತಿತು. ಎಡ ಚಕ್ರದ ಬೇರಿಂಗ್ ಕಿರುಚಿತು. ಹೊಗೆ ಬಿಟ್ಟಿತು. ಸುಮ್ಮನಾಯಿತು. ಎಳೆಯುವ ಕಾರಿಗೆ ಏನೂ ಆಗಿರಲಿಲ್ಲ. ಮ್ಯಾಟಿಗೂ ಏನೂ ಆಗಿರಲಿಲ್ಲ. ಎಪ್ಪತ್ನಾಲ್ಕು ವಯಸ್ಸು, ಕಲ್ಲುಗಣಿಯಲ್ಲಿ ಸವೆದ ಮೊಣಕಾಲು, ಹೆಂಡತಿ ಐಲೀನ್ ತೀರಿಕೊಂಡು ಹತ್ತು ವಾರ. ಅಷ್ಟೆ.

ಅವನು ಹೋಗಬೇಕಾಗಿದ್ದದ್ದು ಸ್ಕಾರ್‌ನೆಸ್ ಕಡಲಂಚಿನ ಕ್ಯಾರವಾನ್ ಬಯಲಿಗೆ. ಇನ್ನೂ ಮೂವತ್ತು ಮೈಲಿ. ಅಲ್ಲಿ ಒಂಬತ್ತನೇ ನಂಬರಿನ ಜಾಗ. ಮೂವತ್ತೊಂದು ವರ್ಷದಿಂದ ಪ್ರತಿ ವರ್ಷ ಈ ವಾರ ಅವನೂ ಐಲೀನೂ ಅಲ್ಲೇ ಇರುತ್ತಿದ್ದರು. ಶನಿವಾರ ಮಧ್ಯಾಹ್ನ ಹನ್ನೆರಡರೊಳಗೆ ಕ್ಯಾರವಾನ್ ಸಮೇತ ಹೋಗಿ ನಿಂತರೆ ಜಾಗ ಇನ್ನೊಂದು ವರ್ಷ ನಿಮ್ಮದು. ಇಲ್ಲದಿದ್ದರೆ ಕಾಯುವವರ ಪಟ್ಟಿಯಲ್ಲಿ ಮೊದಲಿದ್ದವರದು. ಆ ಪಟ್ಟಿಯಲ್ಲಿ ಕೆಲವರು ಕಾದೂ ಕಾದೂ ಸತ್ತು, ಈಗ ಅವರ ಮಕ್ಕಳ ಹೆಸರುಗಳಿದ್ದವು. ಒಂಬತ್ತರ ನಲ್ಲಿಯ ಪಕ್ಕ ಐಲೀನ್ ನೆಟ್ಟ ಒಂದು ಕಡಲಗಿಡವಿತ್ತು. ಗುಲಾಬಿ ಬಣ್ಣದ ಗುಂಡು ಹೂ ಬಿಡುತ್ತಿತ್ತು.

ಕೊನೆಗಾಲದಲ್ಲಿ ಅವಳು ಹೆಚ್ಚೇನೂ ಹೇಳಿರಲಿಲ್ಲ. "ನಾನಿಲ್ಲ ಅಂತ ಒಂಬತ್ತನ್ನ ಬಿಟ್ಕೊಡ್ಬೇಡ, ಮ್ಯಾಟಿ." ಅವನು ಹೂಂ ಅಂದಿದ್ದ.

ಮ್ಯಾಟಿ ಸಂಸ್ಥೆಗೆ ಫೋನು ಮಾಡಿದ. ಬೆಥನಿ ಎಂಬ ಹುಡುಗಿ ಎತ್ತಿದಳು. ದನಿ ಜೇನಿನಂತಿತ್ತು.

"ಸರ್ವೀಸ್ ಯಾಕೆ ಆಗಿಲ್ಲ ಸರ್?"

"ಏಪ್ರಿಲ್‌ನಲ್ಲಿ ಫೋನ್ ಮಾಡಿ ಸರ್ವೀಸಿನವರನ್ನ ಕರೆಸೋದು ನನ್ನ ಹೆಂಡ್ತಿ. ಕಾಗದಪತ್ರ ಎಲ್ಲ ಅವಳದು. ಚಕ್ರ ನಂದು."

"ಫೋನು ಅವರ ಕೈಗೆ ಕೊಡ್ತೀರಾ ಸರ್?"

"ಕೊಡಕ್ಕಾಗಲ್ಲಮ್ಮ. ಮಾರ್ಚಲ್ಲಿ ಹೋದ್ಲು."

"ಅಯ್ಯೋ. ತುಂಬ ಬೇಜಾರಾಯ್ತು ಸರ್." ಕೀಲಿಮಣೆಯ ಸದ್ದು ಕೇಳಿಸಿತು. "ಅವರು ಪಾಲಿಸಿದಾರರಲ್ಲ, ಸಹಪ್ರಯಾಣಿಕರು. ನೀವು ಸತ್ತಿದ್ರೆ ವಿನಾಯಿತಿ ಇತ್ತು ಸರ್."

"ಈಗ ಸತ್ರೆ ಆಗಲ್ವಾ?" ಅಂದ ಮ್ಯಾಟಿ.

"ಪಯಣ ಶುರುವಾಗೋಕೆ ಮುಂಚೆ ಆಗಿರ್ಬೇಕು ಸರ್."

ಬೇರೆ ಗ್ಯಾರೇಜಿನವರನ್ನು ಕರೆಸಬಹುದೇ ಎಂದು ಕೇಳಿದ. ಹದಿನಾಲ್ಕನೇ ಕಲಮಿನ ಪ್ರಕಾರ, ಬೇರೊಬ್ಬರ ಕೈ ತಗುಲಿದ ಕೂಡಲೇ ಒಡಂಬಡಿಕೆ ರದ್ದು. ಆದರೆ ಒಂದು ಸೌಲಭ್ಯವಿತ್ತು. ಸಂಸ್ಥೆಯ ಮಾನ್ಯತೆ ಪಡೆದ ಮೆಕ್ಯಾನಿಕ್ ಬಂದು ಸರ್ವೀಸ್ ಮಾಡಿದರೆ, ಆ ಕ್ಷಣದಿಂದ ಕ್ಯಾರವಾನ್ ಕೆಡಲು ಅರ್ಹತೆ ಪಡೆಯುತ್ತದೆ. ಆದರೆ ಅವನು ಬರುವುದು ಗ್ರಾಹಕನ ನೋಂದಾಯಿತ ವಿಳಾಸಕ್ಕೆ ಮಾತ್ರ.

"ಹಾಗಾದ್ರೆ ಆ ತಂಗುಜಾಗವನ್ನೇ ವಿಳಾಸ ಅಂತ ಹಾಕ್ಲಾ ಸರ್? ವರ್ಷಕ್ಕೊಂದು ಸಲ ಬದಲಾಯಿಸ್ಬಹುದು."

"ಹಾಕಮ್ಮ," ಅಂದ ಮ್ಯಾಟಿ. ಐಲೀನ್ ಇದ್ದಿದ್ದರೆ ತಾಳು ಅನ್ನುತ್ತಿದ್ದಳು.

ತಂಗುಜಾಗದ ಇನ್ನೊಂದು ತುದಿಯಲ್ಲಿ ಗ್ಲೆನಿಸ್ ಎಂಬವಳ ಚಹಾ ಗಾಡಿ ನಿಂತಿತ್ತು. ಲಾರಿಯವರಿಗೆ ಚಹಾ, ಬೇಕನ್ ಇಟ್ಟ ಬನ್ನು ಮಾರುತ್ತಿದ್ದಳು. ಅವಳು ಎಲ್ಲ ಕೇಳಿಸಿಕೊಂಡಿದ್ದಳು.

"ನೆರೆಯವನಾದೆ ಅನ್ನು, ಬಂಗಾರ," ಅಂದಳು. "ಹದಿನೆಂಟು ವರ್ಷದಿಂದ ಇಲ್ಲಿದೀನಿ, ನಂಗೇ ವಿಳಾಸ ಇಲ್ಲ. ನೀನು ಹತ್ತೇ ನಿಮಿಷಕ್ಕೆ ಮನೆ ಮಾಡ್ಕೊಂಡೆಯಲ್ಲೋ!"

ಹೆದ್ದಾರಿಯಲ್ಲಿ ಹೋಗುತ್ತಿದ್ದ ಕ್ಯಾರವಾನ್‌ನವರು ಕೈ ಬೀಸಿದರು. ಕ್ಯಾರವಾನ್‌ನವರು ಕ್ಯಾರವಾನ್‌ನವರಿಗೆ ಕೈ ಬೀಸಬೇಕು. ಅದು ಪದ್ಧತಿ. ನಿಲ್ಲಬೇಕು ಎಂದೇನೂ ಇಲ್ಲ.

ನಾಲ್ಕು ಗಂಟೆಗೆ ಟ್ರೆವರ್ ಎಂಬ ಮೆಕ್ಯಾನಿಕ್ ಬಂದ. ಬ್ರೇಕು ನೋಡಿದ. ಗ್ಯಾಸು ನೋಡಿದ. ಎಡ ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. ಬೇರಿಂಗಿನ ಚೂರುಗಳು ಅವನ ಅಂಗೈಗೆ ಉದುರಿದವು. ಟಿಪ್ಪಣಿಯಲ್ಲಿ 'ಸುಸ್ಥಿತಿಯಲ್ಲಿದೆ' ಎಂದು ಬರೆದ.

"ಪುಡಿ ಆಗಿದೆಯಲ್ಲಪ್ಪ," ಅಂದ ಮ್ಯಾಟಿ.

"ನಂಗೂ ಕಣ್ಣಿದೆ ಯಜಮಾನ್ರೇ. ಆದ್ರೆ ಕೆಟ್ಟಿಲ್ಲ ಅಂತ ಎರಡೂಕಾಲಿಗೇ ಸಂಸ್ಥೆ ತೀರ್ಮಾನ ಮಾಡಿದೆ. ಅದರ ಮೇಲೆ ನಾನು ಹೇಗೆ ಬರೀಲಿ? ನಂಗೂ ಹೆಂಡ್ತಿ ಮಕ್ಕಳಿದಾರೆ."

ಆಮೇಲೆ ಅವನು ತೇವ ಅಳೆಯುವ ಯಂತ್ರ ತೆಗೆದ. ಗೋಡೆಗೆ ಎರಡು ಸೂಜಿ ಒತ್ತಿದರೆ ಅಂಕಿ ತೋರಿಸುತ್ತದೆ. ಹದಿನೈದರ ಒಳಗೆ ಇರಬೇಕು. ಮ್ಯಾಟಿ ಮಲಗುವ ಕಡೆ ಹದಿಮೂರು. ಐಲೀನ್ ಕೂರುತ್ತಿದ್ದ ಮೂಲೆಯಲ್ಲಿ ಇಪ್ಪತ್ನಾಲ್ಕು.

"ಮಳೆ ನೀರಲ್ಲ ಇದು. ಒಳಗಿಂದ ಬಂದಿದ್ದು," ಅಂದ ಟ್ರೆವರ್. "ಕೆಟಲ್ ಇಟ್ಟಾಗ ಮೇಲಿನ ಗಾಳಿಕಿಂಡಿ ತೆಗೆಯಲ್ವಾ?"

"ಕೆಟಲ್ ಇಡೋದು ನಾನು. ಕಿಂಡಿ ತೆಗೆಯೋದು ಅವಳು."

ಊರಲ್ಲಿ ಮನೆಯ ಮುಂದೆಯೇ ನಿಂತಿದ್ದ ಕ್ಯಾರವಾನಿನಲ್ಲಿ ಹತ್ತು ವಾರದಿಂದ ಅವನು, ಅಡುಗೆಕೋಣೆಗೆ ಹೋಗದೆ, ದಿನಕ್ಕೆ ನಾಲ್ಕು ಸಲ ಕೆಟಲ್ ಇಟ್ಟಿದ್ದ. ಟ್ರೆವರ್ ತಲೆಯಾಡಿಸಿ ಬರೆದುಕೊಂಡ: 'ತೇವ: ಮಿತಿ ಮೀರಿದೆ. ಕಾರಣ: ಕಿಂಡಿ ತೆರೆಯುವವರು ಹಾಜರಿಲ್ಲ.' ತೇವ ಇಳಿದರೆ ಮಾತ್ರ ಮೊಹರು, ಬೆಳಿಗ್ಗೆ ಎಂಟಕ್ಕೆ ಮತ್ತೆ ಅಳೆಯುತ್ತೇನೆ ಎಂದು ಹೋದ.

ಗ್ಲೆನಿಸ್ ಬಂದು ಕಿಂಡಿಯನ್ನು ಪೂರ್ತಿ ತೆಗೆದಿಟ್ಟಳು. ತನ್ನ ಗಾಡಿಯ ಹೀಟರನ್ನು ಆ ಮೂಲೆಗೆ ಇಟ್ಟಳು. "ಇವತ್ತು ಚಹಾ ನನ್ನಲ್ಲೇ ಕುಡಿ. ಆ ಕೆಟಲ್ ಮುಟ್ಟಿದ್ರೆ ಕೈ ಮುರೀತೀನಿ."

ಬೆಳಿಗ್ಗೆ ಎಂಟಕ್ಕೆ ಹದಿನಾಲ್ಕು ತೋರಿಸಿತು. ಟ್ರೆವರ್ ಸರ್ವೀಸ್ ಪುಸ್ತಕಕ್ಕೆ ಮೊಹರು ಹಾಕಿ ಕೈ ಕುಲುಕಿದ. "ಇನ್ನು ಕೆಡಬಹುದು ಯಜಮಾನ್ರೇ."

ಮ್ಯಾಟಿ ಫೋನು ಮಾಡಿದ. ಬೆಥನಿಗೂ ಸಂತೋಷವಾಯಿತು. ಎಲ್ಲಿದ್ದೀರಿ ಎಂದು ಕೇಳಿದಳು. ಹೇಳಿದ.

"ಅದು ನಿಮ್ಮ ಮನೆಯಲ್ವಾ ಸರ್? ಮನೆಯಿಂದ ಕಾಲು ಮೈಲಿಯ ಒಳಗೆ ಕೆಟ್ಟರೆ ನಮಗೆ ಬರಲ್ಲ. ಆರನೇ ಕಲಮು. ಸ್ವಲ್ಪ ಆಚೆ ಹೋಗಿ ಕೆಡ್ತೀರಾ?"

ಮ್ಯಾಟಿ ಕಾರು ಚಾಲೂ ಮಾಡಿದ. ನಡೆಯುವವರ ವೇಗದಲ್ಲಿ ಎಳೆದ. ಚಕ್ರ ಹಂದಿಯ ಹಾಗೆ ಕಿರುಚಿತು. ಹಿಂದೆ ಲಾರಿಗಳು ಹಾರ್ನ್ ಹೊಡೆದವು. ಎದುರಿಗೆ ಬಂದ ಕ್ಯಾರವಾನ್‌ಗಳು ಕೈ ಬೀಸಿದವು. ಕಾಲು ಮೈಲಿಯ ಮೇಲೆ ಇರಲಿ ಅಂತ ನೂರು ಗಜ ಹೆಚ್ಚು ಹೋಗಿ, ಹುಲ್ಲಿನ ಮೇಲೆ ನಿಲ್ಲಿಸಿದ. ಕ್ಯಾರವಾನ್ ಅಧಿಕೃತವಾಗಿ ಕೆಟ್ಟಿತು.

ಹತ್ತೂವರೆಗೆ ಸಂಸ್ಥೆಯ ಲಾರಿ ಬಂತು. ಚಾಲಕ ಒಳ್ಳೆಯವನು. ಕ್ಯಾರವಾನನ್ನು ಮೇಲೆ ಹತ್ತಿಸಿ, ಕಾರನ್ನು ಹಿಂದೆ ಕಟ್ಟಿ, ಮ್ಯಾಟಿಯನ್ನು ಪಕ್ಕಕ್ಕೆ ಕೂರಿಸಿಕೊಂಡ.

"ಸ್ಕಾರ್‌ನೆಸ್ಸಿಗೆ ಅಲ್ವಾ? ಹನ್ನೆರಡರೊಳಗೆ ಆಗುತ್ತಾ?" ಅಂತ ಮ್ಯಾಟಿ ಕೇಳಿದ.

"ಆರಾಮಾಗಿ ಆಗ್ತಿತ್ತು ಅಜ್ಜ. ಆದ್ರೆ ಸೇರಬೇಕಾದ ಊರು, ಮನೆ, ಇವೆರಡ್ರಲ್ಲಿ ಯಾವುದು ಹತ್ರವೋ ಅಲ್ಲಿಗೆ ಬಿಡ್ಬೇಕು. ಸ್ಕಾರ್‌ನೆಸ್ ಮೂವತ್ತು ಮೈಲಿ." ಚಾಲಕ ಕಾಗದ ನೋಡಿದ. "ನಿಮ್ಮ ಮನೆ ಇಲ್ಲೇ ಹಿಂದೆ."

ಮುಂದಿನ ವೃತ್ತದವರೆಗೆ ಹೋಗಿ, ಸುತ್ತು ಹಾಕಿ, ಹನ್ನೊಂದೂ ನಲವತ್ತಕ್ಕೆ ಚಾಲಕ ಅವನನ್ನು ಮನೆಗೆ ತಲುಪಿಸಿದ. ಗ್ಲೆನಿಸ್ ಸೌಟು ಹಿಡಿದು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಸಹಿ ಹಾಕಿದ್ರೇನೇ ಕೆಳಗಿಳಿಸೋದು," ಅಂದ ಚಾಲಕ.

ಮ್ಯಾಟಿ ಅಕ್ಷರದ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿದ. 'ಗ್ರಾಹಕರು ಸುರಕ್ಷಿತವಾಗಿ ಮನೆ ಸೇರಿರುತ್ತಾರೆ.' ಸಹಿ ಹಾಕಿದ.

ಸರಿಯಾಗಿ ಹನ್ನೆರಡಕ್ಕೆ ಸ್ಕಾರ್‌ನೆಸ್ ಬಯಲಿನ ಮೇಲ್ವಿಚಾರಕಿ ಹಿಲ್ಡಾ ಫೋನು ಮಾಡಿದಳು. ಐಲೀನಳ ಗೆಳತಿ. ಮಣ್ಣು ಮಾಡುವ ದಿನ ಬಂದು ಅತ್ತವಳು.

"ಮ್ಯಾಟಿ, ಒಂಬತ್ತು ಖಾಲಿ ಇದೆ ಕಣೋ. ಪಟ್ಟಿಯವರು ಗೇಟಲ್ಲಿ ನಿಂತಿದಾರೆ. ನಮ್ಮ ನಿಯಮ ಗೊತ್ತಲ್ಲ, ದಾರಿಲಿ ಇರೋರಿಗೆ ಎರಡು ದಿನ ಕಾಯಬಹುದು. ಮನೆ ಬಿಡದೇ ಇರೋರಿಗೆ ಇಲ್ಲ. ಬೇಗ ಹೇಳು, ನೀನು ಹೇಳಿದ್ದನ್ನ ಆಫೀಸಿನವರು ಬರ್ಕೊಳ್ತಾರೆ. ದಾರಿಲಿದೀಯ ತಾನೆ?"

ಗ್ಲೆನಿಸ್ ತನ್ನ ಗಾಡಿಯ ಕಡೆಯಿಂದ ಜೋರಾಗಿ ತಲೆಯಾಡಿಸಿದಳು. ಹೌದು ಅನ್ನು, ಹೌದು ಅನ್ನು.

ಮ್ಯಾಟಿ ಕೈಯಲ್ಲಿದ್ದ ಕಾಗದದ ನಕಲನ್ನು ನೋಡಿದ. ಈಗಷ್ಟೇ ಸಹಿ ಹಾಕಿದ್ದ. ಮಸಿ ಆರಿರಲಿಲ್ಲ. ನಲವತ್ತು ವರ್ಷ ಗಣಿಯಲ್ಲಿ ಅವನು ಸಹಿ ಹಾಕಿದ ಮೇಲೆ ಮಾತು ತಿರುಗಿಸಿದವನಲ್ಲ.

"ಮನೇಲಿದೀನಿ ಹಿಲ್ಡಾ," ಅಂದ.

ಆ ಕಡೆ ಪೆನ್ನು ಗೀಚುವ ಸದ್ದಾಯಿತು. ಆಮೇಲೆ ಹಿಲ್ಡಾ, "ಬರ್ಕೊಂಡ್ರು," ಅಂದಳು.

ಮುಂದಿನದೆಲ್ಲ ಕ್ರಮಬದ್ಧವಾಗಿ ನಡೆಯಿತು. ಮನೆಯಲ್ಲಿ ನಿಂತ ಕ್ಯಾರವಾನ್ ರಿಪೇರಿಗೆ ಬರುವುದಿಲ್ಲ, ಬೇರೆಯವರು ಮುಟ್ಟುವಂತಿಲ್ಲ. ಆದ್ದರಿಂದ ಅದು ಅಲ್ಲೇ ಉಳಿಯಿತು. ಊರ ಮನೆಯ ಅಡುಗೆಕೋಣೆಗೆ ವಾಪಸ್ಸು ಹೋಗಲು ಮ್ಯಾಟಿಗೂ ಅಂಥ ಅವಸರವಿರಲಿಲ್ಲ. ನಗರಸಭೆಯವರು ಎರಡು ಕಸದ ತೊಟ್ಟಿ ತಂದಿಟ್ಟರು. ಅಂಚೆಯವನು ಬರತೊಡಗಿದ. ಬೆಥನಿ ಶುಭಾಶಯದ ಕಾರ್ಡು ಕಳಿಸಿದಳು, 'ಹೊಸ ಮನೆಗೆ' ಎಂದು. ಗ್ಲೆನಿಸ್‌ಗೂ ಕೊನೆಗೆ ವಿಳಾಸ ಸಿಕ್ಕಿತು: ಡಾಡ್ಸ್ ಅವರ ಮನೆಯ ಎದುರು.

ಜೂನ್ ಎರಡನೇ ವಾರ ಒಂದು ಪೆಟ್ಟಿಗೆ ಬಂತು. ಜೊತೆಗೆ ಸ್ಕಾರ್‌ನೆಸ್ ಆಡಳಿತದ ಪತ್ರ. 'ಒಂಬತ್ತನೇ ಜಾಗದಲ್ಲಿ ತಾವು ಬಿಟ್ಟುಹೋದ ಖಾಸಗಿ ವಸ್ತುವನ್ನು ನಿಯಮಾನುಸಾರ ತೆರವುಗೊಳಿಸಿ, ತಮ್ಮ ಮನೆಗೆ ರವಾನಿಸಲಾಗಿದೆ.' ಒಳಗೆ ಬೇರು ಸಮೇತ ಕಡಲಗಿಡ. ಬೇರಿಗೆ ಒದ್ದೆ ಪತ್ರಿಕೆ ಸುತ್ತಿತ್ತು. ಹಿಲ್ಡಾ ಸುತ್ತಿದ್ದು. ಅದಕ್ಕೆ ನಿಯಮವಿರಲಿಲ್ಲ.

ಮ್ಯಾಟಿ ಅದನ್ನು ಕಸದ ತೊಟ್ಟಿಗಳ ಪಕ್ಕ ನೆಟ್ಟ. ರಸ್ತೆಯ ಕಡೆಗೆ ಎರಡು ಕುರ್ಚಿ ಹಾಕಿದ.

ಮರುವರ್ಷ ಏಪ್ರಿಲ್ ಮೊದಲ ಸೋಮವಾರ ಅವನೇ ಫೋನು ಮಾಡಿ ಟ್ರೆವರ್‌ನನ್ನು ಕರೆಸಿದ. ಚಕ್ರ, ಟಿಪ್ಪಣಿಯ ಪ್ರಕಾರ, ಈಗಲೂ ಸುಸ್ಥಿತಿಯಲ್ಲಿತ್ತು. ಐಲೀನಳ ಮೂಲೆಯಲ್ಲಿ ಯಂತ್ರ ಹನ್ನೊಂದು ತೋರಿಸಿತು.

"ಈಗ ಕಿಂಡಿ ಯಾರು ತೆಗೀತಾರೆ ಯಜಮಾನ್ರೇ? ಇಲ್ಲಿ ಹೆಸರು ಬರೀಬೇಕು."

"ನಾನೇ," ಅಂದ ಮ್ಯಾಟಿ.

ಟ್ರೆವರ್ ಬರೆದುಕೊಂಡು ಮೊಹರು ಹಾಕಿದ. ಹೆದ್ದಾರಿಯಲ್ಲಿ ಆ ವರ್ಷದ ಮೊದಲ ಕ್ಯಾರವಾನ್ ಉತ್ತರಕ್ಕೆ ಹೋಯಿತು. ಅದರವರು ಕೈ ಬೀಸಿದರು. ಮ್ಯಾಟಿಯೂ ಬೀಸಿದ. ಆಮೇಲೆ ಒಳಗೆ ಹೋಗಿ, ಮೊದಲು ಕಿಂಡಿ ತೆಗೆದು, ಕೆಟಲ್ ಇಟ್ಟ.