ದೇವರ ಚಿತ್ತ, ಅತ್ತೆಯ ಮುಖಾಂತರ

ನಮ್ಮ ಅತ್ತೆಯವರಿಗೆ ಸ್ವಂತ ಇಚ್ಛೆ ಎಂಬುದೇ ಇಲ್ಲ. ಎಲ್ಲವನ್ನೂ ಎಂದೋ ದೇವರಿಗೆ ಒಪ್ಪಿಸಿಬಿಟ್ಟಿದ್ದಾರೆ. ಇದು ನನ್ನ ಮಾತಲ್ಲ, ಅವರದೇ ಮಾತು. ಒಪ್ಪದವರಿಗೆ ಆ ದಿನ ನಮ್ಮ ಮನೆಯಲ್ಲಿ ಮೀನಿನ ನಡುತುಂಡು ಸಿಗುವುದಿಲ್ಲ!

ಬೆಟ್ಟಂಪಾಡಿಯ ಈ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ನಾನು ಇದನ್ನೆಲ್ಲ ಬಹಳ ಭಕ್ತಿಯಿಂದ ನಂಬಿದ್ದೆ. “ದೇವರ ಚಿತ್ತ ಆದ್ರೆ ನಾಳೆ ಬಂಗುಡೆ ಸಾರು” ಎಂದು ಅತ್ತೆ ಹೇಳಿದರೆ ಮರುದಿನ ಬಂಗುಡೆ ಬಂದೇ ಬರುತ್ತಿತ್ತು. ಎಂಥ ವಿಶ್ವಾಸ ಎಂದು ಬೆರಗಾಗುತ್ತಿದ್ದೆ. ಹಿಂದಿನ ಸಂಜೆಯೇ ಮೀನಿನವನಿಗೆ ಫೋನು ಹೋಗಿರುತ್ತಿತ್ತು ಎಂದು ತಿಳಿದದ್ದು ಆಮೇಲೆ. ಒಮ್ಮೆ ಅವನು ಬಂಗುಡೆ ಸಿಗದೆ ಬೂತಾಯಿ ತಂದ.

“ಅತ್ತೆ, ಇವತ್ತು ದೇವರ ಚಿತ್ತ ಬೂತಾಯಿ ಅಂತ ಕಾಣ್ತದೆ” ಎಂದೆ.

“ದೇವರ ಚಿತ್ತವೂ ಅಲ್ಲ, ಎಂತದೂ ಅಲ್ಲ. ಅದು ಆ ಮಾರಾಯನ ಉದಾಸೀನ!”

ಕಡಬದ ನನ್ನ ತವರಿಗೆ ಎರಡು ದಿನ ಹೋಗಿ ಬರುವುದಿದ್ದರೂ ಅರ್ಜಿ ಮೇಲಿನವರೆಗೆ ಹೋಗಬೇಕಿತ್ತು. “ಪ್ರಾರ್ಥನೆ ಮಾಡಿ ಹೇಳ್ತೇನೆ ಮಗಾ” ಎಂದು ಅತ್ತೆ ಕೋಣೆಗೆ ಹೋಗಿ ಬಾಗಿಲು ಎಳೆದುಕೊಳ್ಳುವರು. ನನ್ನ ಚಹಾ ಮುಗಿಯುವ ಮೊದಲೇ ಹೊರಗೆ ಬಂದು, “ಸಮಾಧಾನ ಸಿಗ್ಲಿಲ್ಲ” ಎನ್ನುವರು. ಮುಗಿಯಿತು! ದೇವರಿಗೇ ಸಮಾಧಾನವಿಲ್ಲದ ಮೇಲೆ ಕಡಬಕ್ಕೆ ಬಸ್ಸು ಹತ್ತಲು ನಾನು ಯಾರು? ಆದರೆ ಸುಳ್ಯದಲ್ಲಿರುವ ಮಗಳ ಮನೆಗೆ ತಾವು ಹೋಗುವುದಾದರೆ ಅತ್ತೆಗೆ ಮೊಣಕಾಲು ಊರುವ ಮೊದಲೇ ಸಮಾಧಾನ ಸಿಗುತ್ತಿತ್ತು. ಕೆಲವೊಮ್ಮೆ ಸೀರೆ ಉಟ್ಟು ತಯಾರಾದ ಮೇಲೆ ಪ್ರಾರ್ಥಿಸಿದ್ದೂ ಉಂಟು.

ಸ್ವಂತ ಇಚ್ಛೆಯನ್ನು ದೇವರ ಪಾದಕ್ಕೆ ಒಪ್ಪಿಸುವುದು ಬಹಳ ಕಷ್ಟ ಎಂದು ನಮ್ಮ ಪಾದ್ರಿ ಅಯ್ಯನವರು ಚರ್ಚಿನಲ್ಲಿ ಪ್ರಸಂಗ ಮಾಡುತ್ತಾರೆ. ಸ್ವಂತದ್ದಾದರೆ ಕಷ್ಟವೇ. ಸೊಸೆಯದನ್ನು ಒಪ್ಪಿಸಲು ಏನು ಕಷ್ಟ? ಈಸ್ಟರಿಗೆ ಮೊದಲಿನ ಉಪವಾಸ ಕಾಲ, ಲೆಂಟ್, ಬಂತೆಂದರೆ ಅತ್ತೆ ಎಲ್ಲರ ತ್ಯಾಗವನ್ನೂ ತಾವೇ ನಿಶ್ಚಯಿಸುತ್ತಾರೆ. ನನ್ನ ಗಂಡ ಸಂಜೆಯ ಗೋಳಿಬಜೆ ಬಿಡಬೇಕು, ನಾನು ಧಾರಾವಾಹಿ ಬಿಡಬೇಕು.

“ನೀವು ಎಂತ ಬಿಟ್ಟದ್ದು ಅತ್ತೆ?”

“ನಾನು ಹಾಗಲಕಾಯಿ ಮುಟ್ಟುದಿಲ್ಲ.”

ಅವರು ಹಾಗಲಕಾಯಿ ಮುಟ್ಟಿದ್ದನ್ನು ಈ ಮನೆಯ ಗೋಡೆಗಳೂ ಕಂಡಿಲ್ಲ!

ಇನ್ನು ಬೆಳೆ ಹಬ್ಬದ ಕಥೆ. ನಮ್ಮಲ್ಲಿ ಆ ಭಾನುವಾರ ಎಲ್ಲರೂ ತಮ್ಮ ತೋಟದ ಬೆಳೆಯನ್ನು ಚರ್ಚಿಗೆ ತಂದು ಒಪ್ಪಿಸುತ್ತಾರೆ, ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಅದರ ಏಲಂ ಆಗುತ್ತದೆ. ಆ ವರ್ಷ ನನ್ನ ಗಂಡ ಒಂದು ನೇಂದ್ರ ಬಾಳೆಗೊನೆಯನ್ನು ಮಗುವಿನ ಹಾಗೆ ಸಾಕಿದ್ದರು. ಊರುಗೋಲು ಕೊಟ್ಟು, ಬಾವಲಿ ಮುಟ್ಟದಂತೆ ಚೀಲ ಕಟ್ಟಿ, ದಿನವೂ ಹೋಗಿ ನೋಡಿ ಬರುತ್ತಿದ್ದರು. ಶನಿವಾರ ಸಂಜೆ ಹೋಗಿ ನೋಡಿದರೆ ಊರುಗೋಲು ಮಾತ್ರ ನಿಂತಿದೆ!

“ಒಳ್ಳೆಯದನ್ನು ದೇವರಿಗೆ ಕೊಡ್ಬೇಕು ಅಂತ ನಂಗೆ ಪ್ರೇರಣೆ ಆಯ್ತು” ಎಂದರು ಅತ್ತೆ.

“ಪ್ರೇರಣೆ ನಿಂಗೆ ಆದದ್ದು ಅಮ್ಮಾ, ಗೊನೆ ನಂದು!”

ಮರುದಿನ ಏಲಂನಲ್ಲಿ ನನ್ನ ಗಂಡ ಹಟಕ್ಕೆ ಬಿದ್ದು ತಮ್ಮದೇ ಗೊನೆಯನ್ನು ಕೂಗಿದರು. ಎದುರು ಕೂಗಿದವರು ಮಂಡೆಕೋಲು ಊರಿನ ನೆಂಟರೊಬ್ಬರು. ಅತ್ತೆ ಇಬ್ಬರ ನಡುವೆ ನಿಂತು, “ಏರಿಸು ಮಗಾ, ದೇವರ ಕೆಲಸಕ್ಕೆ ಹಿಂದೆ ಮುಂದೆ ನೋಡುದು ಬೇಡ!” ಎಂದು ಹುರಿದುಂಬಿಸಿದರು. ಗೊನೆ ಕೊನೆಗೂ ಮನೆಗೆ ಬಂತು. ಬುಧವಾರ ನಮ್ಮಲ್ಲಿ ನಡೆದ ಸ್ತ್ರೀಯರ ಕೂಟಕ್ಕೆ ಅದನ್ನು ಹಿಟ್ಟಿನಲ್ಲಿ ಅದ್ದಿ ಪೋಡಿ ಕರಿದದ್ದಾಯಿತು. ಗಂಡನ ಪಾಲಿಗೆ ಉಳಿದದ್ದು ಸಿಪ್ಪೆ.

ಇಷ್ಟೆಲ್ಲ ಒಪ್ಪಿಸಿದ ಅತ್ತೆ ಯಾರಿಗೂ ಬಿಟ್ಟುಕೊಡದ ವಸ್ತು ಒಂದೇ ಇತ್ತು, ಅವರ ಸ್ವರ. ಪುತ್ತೂರಿನ ನಮ್ಮ ಚರ್ಚಿನಲ್ಲಿ ಯಾವುದೇ ಗೀತೆಯನ್ನು ಮೊದಲು ಎತ್ತುವವರು ಅವರೇ. ಆರ್ಗನ್ ನುಡಿಸುವವನು ಪಾಪ, ಅವರ ಹಿಂದೆ ಓಡಬೇಕು. ಬೆಳಿಗ್ಗೆ ಅವರು ಅಡುಗೆಮನೆಯಲ್ಲಿ ಹಾಡತೊಡಗಿದರೆ ನಮಗೆ ಅಲಾರಂ ಬೇಡ, ಆಚೆ ತೋಟದವರಿಗೂ ಬೇಡ. ಹೊಸಬರಿಗೂ ಸ್ವಲ್ಪ ಅವಕಾಶ ಕೊಡಿ ಎಂದು ಅಯ್ಯನವರು ನಯವಾಗಿ ಕೇಳಿ ನೋಡಿದ್ದರು. ಅತ್ತೆ ಪ್ರಾರ್ಥಿಸಿದರು. ಸಮಾಧಾನ ಸಿಗಲಿಲ್ಲ!

ಕಳೆದ ವರ್ಷ ಅವರ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಮಂಗಳೂರಿನ ಡಾಕ್ಟರು ಪರೀಕ್ಷೆ ಮಾಡಿಸಿ, ಇದನ್ನು ತೆಗೆಯಲೇಬೇಕು, ಬಿಟ್ಟರೆ ಜೀವಕ್ಕೆ ಅಪಾಯ ಎಂದರು. ಸ್ವರದ ನರ ಗಂಟಿಗೆ ಅಂಟಿಕೊಂಡಿರುವುದರಿಂದ ಮೊದಲಿನ ಸ್ವರ ಉಳಿಯುವುದು ಕಷ್ಟ ಎಂದೂ ಬಿಡಿಸಿ ಹೇಳಿದರು. ಮನೆಗೆ ಬಂದ ಮೇಲೆ ನನ್ನ ಗಂಡ ಮೆಲ್ಲಗೆ, “ದೇವರ ಚಿತ್ತ ಅಂತ ಒಪ್ಪಿಕೋ ಅಮ್ಮಾ” ಎಂದರು.

“ನನ್ನ ಮಾತನ್ನು ನಂಗೇ ಹೇಳ್ಬೇಡ!” ಎಂದು ಗದರಿ ಅತ್ತೆ ಕೋಣೆಗೆ ಹೋದರು.

ಚಹಾ ಮುಗಿಯಿತು. ಮಧ್ಯಾಹ್ನದ ಊಟ ಆರಿತು. ಬಾಗಿಲು ತೆರೆಯಲಿಲ್ಲ. ಹೊರಗೆ ಬಂದಾಗ ಅವರ ಕಣ್ಣು ಊದಿಕೊಂಡಿತ್ತು.

“ಸಮಾಧಾನ ಸಿಗ್ಲಿಲ್ಲ” ಎಂದರು. ಸೆರಗಿನಿಂದ ಮುಖ ಒರೆಸಿ, “ಆದ್ರೂ ಆಸ್ಪತ್ರೆಗೆ ಹೋಗುವ” ಎಂದರು.

ಆಪರೇಷನ್ ಆಯಿತು. ಜೀವ ಉಳಿಯಿತು. ಸ್ವರ ಉಳಿಯಲಿಲ್ಲ. ಈಗ ಅವರು ಮಾತಾಡಿದರೆ ಒಣಗಿದ ಅಡಿಕೆ ಸೋಗೆಯನ್ನು ನೆಲದಲ್ಲಿ ಎಳೆದ ಹಾಗೆ ಕೇಳುತ್ತದೆ. ಚರ್ಚಿಗೆ ಮರಳಿ ಹೋದ ಮೊದಲ ಭಾನುವಾರ ಅಯ್ಯನವರು ಗೀತೆಯ ಸಂಖ್ಯೆ ಹೇಳಿದಾಗ ಎಲ್ಲರೂ ಅಭ್ಯಾಸದಿಂದ ಅತ್ತೆಗಾಗಿ ಕಾದರು. ಅತ್ತೆ ಪುಸ್ತಕ ನೋಡುತ್ತಾ ನಿಂತರು. ಕೊನೆಗೆ ಬೇರೆ ಯಾರೋ ಹಾಡು ಎತ್ತಿದರು.

ಆ ಸಂಜೆ ಎಂದಿನಂತೆ ಮನೆಯಲ್ಲಿ ಪ್ರಾರ್ಥನೆಗೆ ಕುಳಿತೆವು. ಮೊದಲೆಲ್ಲ ಅತ್ತೆ ಪ್ರಾರ್ಥಿಸುವುದೆಂದರೆ ದೇವರಿಗೆ ಕೆಲಸ ಹಂಚಿದ ಹಾಗೆ ಇರುತ್ತಿತ್ತು. ಅಡಿಕೆಗೆ ಕೊಳೆರೋಗ ಬಾರದ ಹಾಗೆ ನೋಡಿಕೋ, ಸುಳ್ಯದ ಅಳಿಯನಿಗೆ ಬುದ್ಧಿ ಕೊಡು, ಸೊಸೆಯ ನಾಲಿಗೆಗೆ ಕಡಿವಾಣ ಹಾಕು! ಆ ದಿನ ಅವರು ತಲೆಬಗ್ಗಿಸಿ, ಆ ಒಡೆದ ಸ್ವರದಲ್ಲಿ ಹೇಳಿದರು:

“ಕರ್ತನೇ, ಕೊಟ್ಟದ್ದು ನೀನು, ತೆಗೊಂಡದ್ದೂ ನೀನು. ನಂಗೆ ಇನ್ನೂ ಸ್ವಲ್ಪ ಕಾಲ ಬೇಕಿತ್ತು. ಆಗ್ಲಿ, ನಿನ್ನ ಚಿತ್ತ.”

ಅಷ್ಟೇ. ಇನ್ನು ನಾವು ಆಮೆನ್, ಅಂದರೆ ಹಾಗೆಯೇ ಆಗಲಿ, ಎನ್ನಬೇಕು. ನಾನು ಅತ್ತೆಯ ಕೈ ಹಿಡಿದುಕೊಂಡೆ, ಅಳು ಬಂತು. ಆಮೆನ್ ಎನ್ನಲು ನನಗೆ ಮನಸ್ಸೇ ಬರಲಿಲ್ಲ. ಆ ಸ್ವರ ನನಗೂ ಬೇಕಿತ್ತು.